ನಮ್ಮವರು ಎಸೆಯದ ಸ್ಟವ್ವು

ನಮ್ಮ ಮನೆಯಲ್ಲಿ ನಮ್ಮವರ ಕೈಗೆ ಫ್ಯಾನು ತಿರುಗುವುದಿಲ್ಲ. ಗುಂಡಿ ಒತ್ತಿದರೆ ಟಿಕ್ ಅನ್ನುತ್ತದೆ, ಅಷ್ಟೇ. ನಾನು ಒತ್ತಿದರೆ ತಿರುಗುತ್ತದೆ. ರೇಡಿಯೊ ಅವರು ಹಾಕಿದರೆ ಸುಮ್ಮನಿರುತ್ತದೆ, ಛತ್ರಿ ಅವರು ಬಿಚ್ಚಿದರೆ ಬಿಚ್ಚಿಕೊಳ್ಳುವುದಿಲ್ಲ, ಕುರ್ಚಿಯ ಮೇಲೆ ಅವರು ಕೂತರೆ ಅದರ ಹಿಂಗಾಲು ಮಡಚಿಕೊಳ್ಳುತ್ತದೆ. ಬಾಗಿಲ ಬೀಗವೂ ಹಾಗೆಯೇ, ಬೀಗದ ಕೈಯನ್ನು ಅವರು ಎಷ್ಟು ತಿರುವಿದರೂ ಜಪ್ಪಯ್ಯ ಅನ್ನುವುದಿಲ್ಲ. ಹೀಗಾಗಿ ನಾನು ಊರಿನ ಕಸದ ತೊಟ್ಟಿಯಿಂದ ಬರುವವರೆಗೆ ಅವರು ಜಗಲಿಯ ಮೇಲೆ ಕೂತಿರುತ್ತಾರೆ. ದಾರಿಯಲ್ಲಿ ಹೋಗುವವರು "ಸಾಕಮ್ಮ ಇನ್ನೂ ಬರ್ಲಿಲ್ವಾ" ಅಂತ ಕೇಳುತ್ತಾರೆ, ಇವರು "ಬತ್ತಾಳೆ" ಅನ್ನುತ್ತಾರೆ. ಇಪ್ಪತ್ತೆರಡು ವರ್ಷದಿಂದ ನಮ್ಮ ಸಂಸಾರ ಹೀಗೆ ನಡೆದುಕೊಂಡು ಬಂದಿದೆ.

ಇದರಲ್ಲಿ ವಿಚಿತ್ರ ಏನೂ ಇಲ್ಲ. ನಮ್ಮೂರಲ್ಲಿ ಒಮ್ಮೆ ತೊಟ್ಟಿಗೆ ಎಸೆದ ವಸ್ತು, ಎಸೆದವರ ಕೈಗೆ ಮತ್ತೆ ನಡೆಯುವುದಿಲ್ಲ. ಬೇರೆ ಯಾರು ಎತ್ತಿಕೊಂಡರೂ ನಡೆಯುತ್ತದೆ, ಕೆಲವು ಸಲ ಮೊದಲಿಗಿಂತ ಚೆನ್ನಾಗಿಯೇ. ಹೈಸ್ಕೂಲಿನ ಮೇಷ್ಟ್ರೊಬ್ಬರು ಹಳೇ ಕನ್ನಡಕ ಎಸೆದು, ಹೊಸದರಲ್ಲಿ ತಲೆನೋವು ಬಂದು, ಹಳೆಯದನ್ನೇ ಹುಡುಕಿ ತಂದು ಹಾಕಿಕೊಂಡರೆ ಎದುರಿಗೆ ಮಜ್ಜಿಗೆಯಂಥ ಬಿಳುಪು ಬಿಟ್ಟು ಬೇರೇನೂ ಕಾಣಲಿಲ್ಲ. ಈಗ ಅವರ ಹೆಂಡತಿ ಅದನ್ನು ಹಾಕಿಕೊಂಡು ಅವರಿಗೆ ಪೇಪರು ಓದಿ ಹೇಳುತ್ತಾರೆ. ಇಂಥದ್ದೆಲ್ಲ ಆಗಬಾರದು ಅಂತಲೇ ಊರಿಗೆ ಒಬ್ಬ ಎಸೆಯುವವನನ್ನು ಇಟ್ಟಿರುವುದು. ಮನೆಯವರು ಬೇಡದ್ದನ್ನು ಗೋಣಿಚೀಲಕ್ಕೆ ತುಂಬಿ, ಬಾಯಿ ಕಟ್ಟಿ, ಹೊಸಿಲಿನ ಹೊರಗೆ ಇಡುತ್ತಾರೆ. ಎಸೆಯುವವನು ಒಳಗೇನಿದೆ ಅಂತ ನೋಡದೆ ಹೊತ್ತುಕೊಂಡು ಹೋಗಿ ತೊಟ್ಟಿಗೆ ಹಾಕುತ್ತಾನೆ. ನಾಲ್ಕು ದಿನ ಬಿಟ್ಟು ಮನೆಯವರ ಮನಸ್ಸು ಬದಲಾದರೆ ಬಂದು ಎತ್ತಿಕೊಂಡು ಹೋಗಬಹುದು, ಅವರ ಕೈಗೆ ಅದು ಎಂದಿನಂತೆ ನಡೆಯುತ್ತದೆ. ನಡೆಯದೆ ಹೋಗುವುದು ಎಸೆಯುವವನ ಕೈಗೆ ಮಾತ್ರ. ಆ ಎಸೆಯುವವರು ನಮ್ಮವರು. ಊರಿನವರು ಎಸೆಯೋ ಚಿಕ್ಕೀರಯ್ಯ ಅನ್ನುತ್ತಾರೆ.

ಎಸೆಯುವುದು ಅವರು, ಆಯುವುದು ನಾನು. ಸಂತೆಮಾಳದ ಹಿಂದೆ ಸಿಮೆಂಟಿನ ದೊಡ್ಡ ತೊಟ್ಟಿ ಇದೆ, ಎರಡಾಳುದ್ದ ಆಳ. ಒಂದು ಪಕ್ಕ ಕಬ್ಬಿಣದ ಮೆಟ್ಟಿಲು. ಅವರ ಹಳೇ ಅಂಗಿ ತೊಟ್ಟು, ಸೀರೆ ಎತ್ತಿ ಸಿಕ್ಕಿಸಿ, ಕೈಯಲ್ಲೊಂದು ಕೊಕ್ಕೆ ಹಿಡಿದು ಇಳಿದೆನೆಂದರೆ ಬಿಸಿಲು ನೆತ್ತಿಗೆ ಬರುವವರೆಗೆ ಮೇಲೆ ಬರುವವಳಲ್ಲ. ಚಿಂದಿ ಆಯುವವಳು ಅಂತ ಯಾರಾದರೂ ಅಂದರೆ ನನಗೆ ಮೈಯೆಲ್ಲ ಉರಿಯುತ್ತದೆ. ಚಿಂದಿಯನ್ನು ಯಾರು ಬೇಕಾದರೂ ಆಯಬಹುದು. ಮಿಕ್ಸಿಯ ಮೋಟಾರನ್ನು ಮೂಗಿನ ಹತ್ತಿರ ಹಿಡಿದು, ಒಳಗಿನ ಸುತ್ತು ಸುಟ್ಟಿದೆಯೋ ಬರೀ ಕಾರ್ಬನ್ ಸವೆದಿದೆಯೋ ಹೇಳಬೇಕಾದರೆ ಆಯುಷ್ಯ ಸವೆಸಿರಬೇಕು. ಸುಟ್ಟಿದ್ದರೆ ತಾಮ್ರ ಬಿಚ್ಚಿ ಗುಜರಿಗೆ, ಸವೆದಿದ್ದರೆ ಇನ್ನೊಂದರ ಕಾರ್ಬನ್ ಇದಕ್ಕೆ ಹಾಕಿ ಯಾವುದಾದರೂ ಮನೆಗೆ. ನಮ್ಮೂರಿನ ಅರ್ಧ ಅಡುಗೆಮನೆಗಳಲ್ಲಿ ನಾನು ಎತ್ತಿ ಕೊಟ್ಟ ಸಾಮಾನೇ ಇರುವುದು. ಹೊಸ ಸಾಮಾನಿನ ಅಂಗಡಿ ಒಂದಿತ್ತು, ವ್ಯಾಪಾರವಿಲ್ಲದೆ ಮುಚ್ಚಿತು. ಅದರ ಬೋರ್ಡನ್ನೂ ನಾನೇ ಎತ್ತಿಕೊಂಡು ಬಂದು ಬಚ್ಚಲಿಗೆ ಮರೆ ಮಾಡಿದ್ದೇನೆ.

ನಮ್ಮ ಮನೆಯಲ್ಲಿ ಇರುವುದೆಲ್ಲ ತೊಟ್ಟಿಯದೇ. ತೊಟ್ಟಿಯಲ್ಲಿ ಇರುವುದೆಲ್ಲ ನಮ್ಮವರು ಎಸೆದದ್ದೇ. ಅವರಿಗೆ ಫ್ಯಾನು ಯಾಕೆ ತಿರುಗುವುದಿಲ್ಲ ಅಂತ ಈಗ ನಿಮಗೆ ತಿಳಿದಿರಬೇಕು. ಮದುವೆಯಾದ ಹೊಸದರಲ್ಲಿ ಅವರು ಇಟ್ಟಿಗೆ ಗೂಡಿಗೆ ಹೋಗುತ್ತಿದ್ದರು. ಮಗಳು ಮಾದೇವಿಗೆ ನಾಲ್ಕು ವರ್ಷವಾದಾಗ ಹಳೇ ಎಸೆಯುವವನು ತೀರಿಕೊಂಡ, ಊರಿನವರು ಇವರನ್ನು ಕರೆದರು. ಮರ್ಯಾದೆಯ ಕೆಲಸ ಅಂದರು. ಮರ್ಯಾದೆ ಕೊಡುತ್ತಾರೆ, ಇಲ್ಲ ಅನ್ನುವುದಿಲ್ಲ. ಆದರೆ ಅವರ ಕೈಗೆ ಯಾರೂ ಏನನ್ನೂ ಕೊಡುವುದಿಲ್ಲ. ಕಾಫಿಯನ್ನು ಕಾಗದದ ಲೋಟದಲ್ಲಿ ಜಗಲಿಯ ಮೇಲಿಟ್ಟು ಹಿಂದೆ ಸರಿಯುತ್ತಾರೆ. ಮದುವೆಗೆ ಕರೆಯುತ್ತಾರೆ, ಅಕ್ಷತೆ ಹಂಚುವಾಗ ಇವರನ್ನು ದಾಟಿಕೊಂಡು ಹೋಗುತ್ತಾರೆ. ಎಸೆದದ್ದು ಮಾತ್ರವಲ್ಲ, ಅವರು ಮುಟ್ಟಿದ್ದೂ ನಿಂತುಹೋಗುತ್ತದೆ ಅಂತ ಊರಿನ ನಂಬಿಕೆ. ಅದು ಶುದ್ಧ ಸುಳ್ಳು. ಆದರೆ ಇಪ್ಪತ್ತೆರಡು ವರ್ಷ ಒಂದೇ ಸುಳ್ಳನ್ನು ಎಲ್ಲರ ಮುಖದಲ್ಲೂ ನೋಡಿ ನೋಡಿ ಅವರೇ ಅದನ್ನು ನಂಬಿಬಿಟ್ಟಿದ್ದಾರೆ. ಕರುವನ್ನು ಕಂಡರೂ ಕೈ ಹಿಂದಕ್ಕೆ ಕಟ್ಟಿಕೊಳ್ಳುತ್ತಾರೆ.

ಹೀಗಿರುವಾಗ ಮಾಘದಲ್ಲಿ ಅಳಿಯ ಕಿರಾಣಿ ಅಂಗಡಿಗೆ ಫೋನು ಮಾಡಿದ. ಮಾದೇವಿಯನ್ನು ಕೊಟ್ಟಿರುವುದು ಹೊಳೆಯಾಚೆಯ ಊರಿಗೆ, ಬಸ್ಸಿನಲ್ಲಿ ಅರ್ಧ ದಿನದ ದಾರಿ. ಅವಳಿಗೆ ಎರಡು ಸಲ ನಿಂತದ್ದು ಹೋಗಿತ್ತು, ಇದು ಮೂರನೆಯದು, ತುಂಬಿದ ಬಸುರಿ.

"ಡಾಕ್ಟ್ರು ಬಸ್ ಹತ್ತಲೇಬಾರದು ಅಂದವ್ರೆ ಅತ್ತೆ. ನಮ್ಮವ್ವ ಇದ್ದಿದ್ರೆ ಕೇಳ್ತಿರ್ಲಿಲ್ಲ. ನೀವೇ ಬಂದು ಬಾಣಂತನ ಮಾಡ್ಬೇಕು."

"ಯಾವತ್ತು ಹೇಳವ್ರೆ?"

"ಇನ್ನೊಂದು ಹದಿನೈದು ದಿನ ಅಂದವ್ರೆ. ನೀವು ಎರಡು ದಿನ ಮುಂಚೆ ಬಂದ್ರೆ ಒಳ್ಳೇದು."

ಬರುತ್ತೇನೆ ಅಂದೆ. ಅನ್ನದೆ ಇನ್ನೇನು. ಮನೆಗೆ ಬಂದು ಬೀಗ ತೆಗೆದು, ಅವರನ್ನು ಒಳಗೆ ಕರೆದು, ವಿಷಯ ಹೇಳಿದೆ. ಅವರು "ಹೋಗು" ಅಂದರು.

"ನಾನು ಹೋದ್ರೆ ಒಂದೂವರೆ ತಿಂಗಳು. ನಿಮ್ಗೆ ಅನ್ನ?"

"ಅವಲಕ್ಕಿ ನೆನೆಸ್ಕೊಂಡು ತಿಂತೀನಿ."

"ನೀವು ಹಿಡಿದ್ರೆ ಪಾತ್ರೆ ಸೋರ್ತದಲ್ಲ."

"ಅವಲಕ್ಕಿ ಬಾಯಿಗೆ ಹಾಕ್ಕೊಂಡು ಮೇಲಿಂದ ನಲ್ಲಿ ನೀರು ಕುಡೀತೀನಿ. ಒಳಗೇ ನೆನೀತದೆ."

ನನಗೆ ನಗು ಬರಲಿಲ್ಲ. ನೀವೂ ಬಂದುಬಿಡಿ ಅಂದೆ. ಅವರು ತಮ್ಮ ಎರಡೂ ಅಂಗೈಗಳನ್ನು ಮಗುಚಿ ನೋಡಿಕೊಂಡು, "ಹಸುಗೂಸು ಹುಟ್ಟೋ ಮನೆಗೆ ಈ ಕೈ ತಗೊಂಡು ಬಾ ಅಂತೀಯಾ?" ಅಂದರು. ಮತ್ತೆ ಕರೆಯಲಿಲ್ಲ ನಾನು. ನಿಜ ಹೇಳಬೇಕೆಂದರೆ ಅವರು ಹಾಗಂದದ್ದಕ್ಕೆ ನನಗೆ ಒಳಗೊಳಗೇ ಸಮಾಧಾನವಾಯಿತು. ಎರಡು ಸಲ ಖಾಲಿಯಾದ ಮಡಿಲು ಅದು. ಊರಿನ ಮಾತು ಸುಳ್ಳು ಅಂತ ಗೊತ್ತಿದ್ದೂ ನನಗೆ ಹಾಗನ್ನಿಸಿತು. ಇದನ್ನು ನಾನು ಅವರಿಗೆ ಇವತ್ತಿನವರೆಗೂ ಹೇಳಿಲ್ಲ.

ಸರಿ, ಇನ್ನು ಉಳಿದ ದಾರಿ ಒಂದೇ. ನಮ್ಮವರು ಎಸೆಯದೆ ಇರುವ ಸಾಮಾನು ಹುಡುಕಬೇಕು. ಒಂದು ಬೀಗ, ಒಂದು ಪಾತ್ರೆ, ಒಂದು ಲಾಟೀನು, ಒಂದು ಸ್ಟವ್ವು, ಇಷ್ಟಿದ್ದರೆ ಒಬ್ಬ ಗಂಡಸು ಒಂದೂವರೆ ತಿಂಗಳು ಬದುಕಿಕೊಳ್ಳುತ್ತಾನೆ. ಹೊಸದೇ ತರಬಹುದಿತ್ತಲ್ಲ ಅಂತ ನೀವು ಕೇಳಬಹುದು. ಹೊಸದು ತರುವ ತಾಕತ್ತಿದ್ದರೆ ನಾನು ಯಾಕಮ್ಮಾ ಆ ತೊಟ್ಟಿಗೆ ಇಳಿಯುತ್ತಿದ್ದೆ.

ಬುದ್ಧಿ ಇರುವವರು ತಮ್ಮ ಕೈಯಿಂದ ಎಸೆಯುವುದಿಲ್ಲ ಅಂತ ಗೊತ್ತಾಯಿತಲ್ಲ. ಆದರೆ ಸಿಟ್ಟಿನಲ್ಲಿ ಬುದ್ಧಿ ಎಲ್ಲಿರುತ್ತದೆ. ಗಂಡ ಹೆಂಡಿರ ಜಗಳ, ಅಣ್ಣ ತಮ್ಮಂದಿರ ಜಗಳ, ಅತ್ತೆ ಸೊಸೆ ಜಗಳ, ಇವು ಮುಟ್ಟಬೇಕಾದ ಕಡೆ ಮುಟ್ಟಿದಾಗ ಮನುಷ್ಯ ಕೈಗೆ ಸಿಕ್ಕಿದ್ದನ್ನು ಎತ್ತಿಕೊಂಡು ಬೀದಿಯುದ್ದಕ್ಕೂ ನಡೆದು ಬಂದು ತೊಟ್ಟಿಗೆ ಎಸೆದು ಹೋಗುತ್ತಾನೆ. ಅಂಥ ಸಾಮಾನನ್ನು ಗುರುತಿಸುವುದು ಕಷ್ಟವಲ್ಲ. ನಮ್ಮವರು ಹಾಕಿದ್ದು ಮೂಟೆಯಲ್ಲಿರುತ್ತದೆ, ಬಾಯಿಗೆ ಎರಡು ಗಂಟು. ಸಿಟ್ಟಿನದು ಬಿಡಿಯಾಗಿ, ಎಲ್ಲದರ ಮೇಲೆ, ಅಂಗಾತ ಬಿದ್ದಿರುತ್ತದೆ. ಕೆಲವು ಸಲ ಒಳಗಿನ ಸಾರು ಇನ್ನೂ ಬೆಚ್ಚಗಿರುತ್ತದೆ.

ಪಾತ್ರೆ ಹಾಗೇ ಸಿಕ್ಕಿತು, ಎರಡನೇ ದಿನ, ಹುರುಳಿ ಸಾರಿನ ಸಮೇತ. ಬೀಗ ನಾಲ್ಕನೇ ದಿನ, ಬೀಗದ ಕೈ ಅದರಲ್ಲೇ ಇತ್ತು. ಹೆಂಡತಿ ಒಳಗಿಂದ ಹಾಕಿಕೊಂಡು ಗಂಡನನ್ನು ಹೊರಗೆ ನಿಲ್ಲಿಸಿದ್ದಳಂತೆ, ಬಾಗಿಲು ತೆಗೆದ ಮೇಲೆ ಅವನು ಮೊದಲು ಮಾಡಿದ ಕೆಲಸ ಅದನ್ನು ಎಸೆದದ್ದು. ಮನೆಗೆ ತಂದು ನಮ್ಮವರ ಕೈಗೆ ಕೊಟ್ಟೆ. ಅವರು ಬೀಗದ ಕೈ ತಿರುವಿದರು. ಟಪ್ ಅಂತ ತೆರೆಯಿತು. ಅವರು ಹಾಕಿದರು, ತೆಗೆದರು, ಹಾಕಿದರು. ನಾನು ಅನ್ನ ಬಸಿದು ಸಾರಿಗೆ ಒಗ್ಗರಣೆ ಹಾಕುವವರೆಗೂ ಹೊಸಿಲ ಮೇಲೆ ಕೂತು ಅದನ್ನೇ ಮಾಡುತ್ತಿದ್ದರು. ನನಗೆ ಯಾಕೋ ಅಳು ಬಂತು. ಒಗ್ಗರಣೆಯ ಘಾಟು ಅಂತ ಸೆರಗಿನಲ್ಲಿ ಒರೆಸಿಕೊಂಡೆ.

ಲಾಟೀನು ಏಳನೇ ದಿನ ಬಂತು. ಸ್ಟವ್ವು ಬರಲಿಲ್ಲ. ಸ್ಟವ್ವನ್ನು ಯಾರೂ ಸುಲಭಕ್ಕೆ ಎಸೆಯುವುದಿಲ್ಲ, ಎಷ್ಟೇ ಸಿಟ್ಟಿದ್ದರೂ ಮಾರನೇ ದಿನ ಹೊಟ್ಟೆ ಹಸಿಯುತ್ತದೆ. ಹತ್ತನೇ ದಿನವೂ ಬರಲಿಲ್ಲ. ಆಗ ನನಗೆ ಕಾಂಪೌಂಡರ್ ನಂಜುಂಡಾರಾಧ್ಯರ ಮನೆ ನೆನಪಾಯಿತು. ಆರಾಧ್ಯರೂ ಅವರ ಹೆಂಡತಿ ಶಿವಗಂಗಮ್ಮನವರೂ ವಾರಕ್ಕೊಮ್ಮೆ ಕಿತ್ತಾಡದಿದ್ದರೆ ಉಂಡ ಅನ್ನ ಅರಗುವುದಿಲ್ಲ. ಲಾಟೀನೂ ಅವರ ಮನೆಯದೇ. ಆದರೆ ಅದನ್ನು ಎಸೆದ ಮೇಲೆ ಇಬ್ಬರೂ ಯಾವುದೋ ಬೆಟ್ಟಕ್ಕೆ ಹೋಗಿ ಹರಕೆ ತೀರಿಸಿ ಬಂದು, ಈಗ ಜಗಲಿಯ ಮೇಲೆ ಕೂತು ಒಬ್ಬರಿಗೊಬ್ಬರು ಎಲೆ ಅಡಿಕೆ ಮಡಚಿ ಕೊಡುತ್ತಿದ್ದರು. ನನ್ನ ಗ್ರಹಚಾರ.

ಮಾಡಬಾರದ ಕೆಲಸ, ಮಾಡಿದೆ. ಆರಾಧ್ಯರು ಆಸ್ಪತ್ರೆಗೆ ಹೋದ ಮೇಲೆ ಶಿವಗಂಗಮ್ಮನವರ ಹಿತ್ತಲಿಗೆ ಹೋದೆ. ಕರಿಬೇವು ಕೇಳಿದೆ. ಅದೂ ಇದೂ ಮಾತಾಡಿ ಕೊನೆಗೆ ಅಂದೆ: "ನಿಮ್ ಸ್ಟವ್ವು ಎಷ್ಟು ಗಟ್ಟಿ ಕಣಮ್ಮ. ನಿಮ್ಮತ್ತೆಯವ್ರ ಕಾಲದ್ದಲ್ವಾ? ನಮ್ಮವ್ವ ಅದ್ರ ಮೇಲೆ ಮಾಡ್ತಿದ್ದ ಉಪ್ಪಿಟ್ಟಿನ ರುಚೀನೇ ಬೇರೆ ಅಂತ ಆರಾಧ್ಯರು ಯಾರ ಹತ್ರಾನೋ ಹೇಳ್ತಿದ್ರಂತೆ."

"ಯಾರ ಹತ್ರ?"

"ನಂಗ್ಯಾಕಮ್ಮ ಆ ಉಸಾಬರಿ. ಆಸ್ಪತ್ರೇಲಿ ಮಾತಾಡ್ಕೋತಿದ್ರು."

ಶಿವಗಂಗಮ್ಮ ಕರಿಬೇವಿನ ಕಡ್ಡಿಯನ್ನು ನನಗೆ ಕೊಡುವ ಬದಲು ತಾವೇ ಹಿಡಿದುಕೊಂಡು ಒಳಗೆ ಹೋದರು. ನಾನು ಬರಿಗೈಯಲ್ಲಿ ನೇರ ತೊಟ್ಟಿಗೆ ಬಂದು, ಮೆಟ್ಟಿಲ ಮೇಲೆ ಕೂತು, ಒಂದು ಇಸ್ತ್ರಿಪೆಟ್ಟಿಗೆಯ ಸ್ಕ್ರೂ ಬಿಚ್ಚುತ್ತಾ ಕಾದೆ. ಆರಾಧ್ಯರು ಊಟಕ್ಕೆ ಬಂದು ಅರ್ಧ ಗಂಟೆ ಆಗಿರಬೇಕು. ಶಿವಗಂಗಮ್ಮ ಎರಡೂ ಕೈಯಲ್ಲಿ ಹಿತ್ತಾಳೆಯ ಪಂಪ್ ಸ್ಟವ್ವು ಹಿಡಿದು, ಬರಿಗಾಲಲ್ಲಿ, ಅಕ್ಕಪಕ್ಕ ನೋಡದೆ ಬಂದರು. ನಾನು ಪಕ್ಕಕ್ಕೆ ಸರಿದು ದಾರಿ ಬಿಟ್ಟೆ. ಎಸೆದರು, ಕೈ ಝಾಡಿಸಿದರು, ಹೋದರು. ಅದು ಹಳೇ ಹಾಸಿಗೆಯ ಮೇಲೆ ಬಿದ್ದಿತ್ತು, ಒಂದು ನೆಗ್ಗೂ ಇಲ್ಲ. ಪಾಪ ಮಾಡಿದೆ ಅನ್ನಿಸಿತು, ಆದರೂ ಇಳಿದು ಎತ್ತಿಕೊಂಡೆ.

ಮನೆಗೆ ತಂದು ಬೂದಿ ಹಾಕಿ ಉಜ್ಜಿದೆ. ವಾಷರು ಬದಲಿಸಿದೆ, ತೂತಿಗೆ ಪಿನ್ನು ಹಾಕಿದೆ, ಸೀಮೆಎಣ್ಣೆ ಹುಯ್ದು ಹಚ್ಚಿದೆ. ನೀಲಿ ಜ್ವಾಲೆ ಬುಸ್ ಅಂತ ಎದ್ದಿತು. ಆರಿಸಿ, ತಣ್ಣಗಾದ ಮೇಲೆ ನಮ್ಮವರನ್ನು ಕರೆದೆ. ಅವರು ಕೈಕಾಲು ತೊಳೆದುಕೊಂಡು ಬಂದು ಪೂಜೆಗೆ ಕೂತವರಂತೆ ಕೂತರು. ಪಂಪು ಹೊಡೆದರು. ಕಡ್ಡಿ ಗೀರಿದರು. ಕಡ್ಡಿ ಉರಿಯಿತು, ಸ್ಟವ್ವು ಉರಿಯಲಿಲ್ಲ. ಮತ್ತೆ ಪಂಪು, ಮತ್ತೆ ಕಡ್ಡಿ. ಆರನೇ ಕಡ್ಡಿ ಬೆರಳಿನವರೆಗೂ ಉರಿದು ಬಂತು, ಅವರು ಬಿಡಲಿಲ್ಲ. ನಾನು ಊದಿ ಆರಿಸಿದೆ.

"ನೀನು ಹಚ್ಚು" ಅಂದರು. ಹಚ್ಚಿದೆ. ಬುಸ್ ಅಂತ ಎದ್ದಿತು.

"ನಾನ್ ಎಸೆದಿಲ್ಲ ಅಲ್ವಾ ಇದನ್ನ?"

"ಇಲ್ಲ. ಶಿವಗಂಗಮ್ಮ ಎಸೆದದ್ದು ನನ್ನ ಕಣ್ಣಾರೆ ನೋಡಿದ್ದೀನಿ."

ಅವರು ತಲೆಯಾಡಿಸಿದರು. ತಮ್ಮ ಪಂಚೆಯ ತುದಿಯಿಂದ ಸ್ಟವ್ವಿನ ಮೇಲೆ ಬಿದ್ದ ತಮ್ಮ ಬೆರಳಿನ ಗುರುತುಗಳನ್ನು ಒರೆಸಿ, ಅದನ್ನು ಗೋಡೆಯ ಪಕ್ಕಕ್ಕೆ ಸರಿಸಿ ಇಟ್ಟರು. "ಊರೋರು ಹೇಳೋದು ಸರೀನೇ. ಮುಟ್ಟಿದ್ರೂ ನಿಂತೋಗ್ತದೆ" ಅಂದರು. ಆಮೇಲೆ ಆ ದಿನ ಬೀಗವನ್ನೂ ಮುಟ್ಟಲಿಲ್ಲ, ಪಾತ್ರೆಯನ್ನೂ ಮುಟ್ಟಲಿಲ್ಲ. ಊಟಕ್ಕೆ ಕೂತಾಗ, ಇಲ್ಲದ ಹಸಿವನ್ನು ನಾನು ನಟಿಸಿದೆ, ಅವರು ಅದನ್ನೂ ಮಾಡಲಿಲ್ಲ.

ಮಾರನೇ ದಿನ ಬೆಳಗ್ಗೆ ಶಿವಗಂಗಮ್ಮ ಬಂದರು. ಮುಖದಲ್ಲಿ ಸಿಟ್ಟಿಲ್ಲ, ಬಹಳ ದಿನದ ಮೇಲೆ ಚೆನ್ನಾಗಿ ನಿದ್ದೆ ಮಾಡಿದವರಂತೆ ಇದ್ದರು.

"ಸಾಕಮ್ಮ, ಸ್ಟವ್ವು ಇಲ್ಲೈತಾ? ಕೊಟ್ಬಿಡು. ಅದು ನಂಗಂತೂ ಇನ್ನು ಹತ್ತಲ್ಲ. ಅವ್ರಿಗಾದ್ರೆ ಹತ್ತುತ್ತಲ್ಲ. ಇನ್ಮೇಲೆ ಅವ್ರವ್ವನ ಉಪ್ಪಿಟ್ಟು ಅವ್ರೇ ಮಾಡ್ಕೊಳ್ಳಿ, ನಂಗೂ ಒಂದ್ ತಟ್ಟೆ ಕೊಡ್ಲಿ ಅಂತ ಮಾತಾಗೈತೆ."

ತಂದುಕೊಟ್ಟೆ. ಅವರು ಅದನ್ನು ಕಂಕುಳಿಗೆ ಸಿಕ್ಕಿಸಿಕೊಂಡು, "ಎಂಥ ಗಟ್ಟಿ ಜೀವ ನೋಡು ಇದು. ನಮ್ಮತ್ತೆ ತೀರ್ಕೊಂಡಾಗ ಮೂಟೆ ಕಟ್ಟಿ ನಿಮ್ಮೆಜಮಾನ್ರ ಕೈಲೇ ಎಸೆಸಿದ್ದೆ. ಮೂರೇ ದಿನಕ್ಕೆ ನಮ್ಮನೆಯವ್ರು ಹೋಗಿ ಎತ್ಕೊಂಡು ಬಂದ್ರು" ಅಂದರು.

ನಾನು ಜಗಲಿಯ ಕಡೆ ತಿರುಗಿದೆ. ನಮ್ಮವರು ಅಲ್ಲೇ ಕೂತಿದ್ದರು, ಕೇಳಿಸಿಕೊಂಡಿದ್ದರು. "ಕೇಳುದ್ರಾ? ನೀವು ಎಸೆದಿದ್ದೇ ಅದು. ಮೂಟೆ ಒಳಗಿತ್ತು, ನಿಮ್ಗೆ ಗೊತ್ತಾಗಿಲ್ಲ. ಮುಟ್ಟಿದ್ದಕ್ಕಲ್ಲ" ಅಂದೆ. ಅವರು "ಹೂಂ" ಅಂದರು. ಇವಳು ನನ್ನ ಸಮಾಧಾನಕ್ಕೆ ಏನೋ ಹೇಳುತ್ತಾಳೆ ಅನ್ನುವ ಹೂಂ ಅದು. ಇಪ್ಪತ್ತೆರಡು ವರ್ಷ ಕೂತಿರುವುದನ್ನು ಒಂದು ಸ್ಟವ್ವು ಎಬ್ಬಿಸುವುದಿಲ್ಲ.

ಅದೇ ಹೊತ್ತಿಗೆ ಕಿರಾಣಿ ಅಂಗಡಿಯವನು ಬೀದಿಯಿಂದಲೇ ಕೂಗಿದ. ಅಳಿಯನ ಫೋನು, ಮಾದೇವಿಗೆ ಬೆಳಗಿನಿಂದಲೇ ನೋವು ಶುರುವಾಗಿದೆ, ಹೊರಟು ಬರಬೇಕಂತೆ. ಬಸ್ಸಿಗೆ ಮುಕ್ಕಾಲು ಗಂಟೆಯಿತ್ತು. ನಾನು ಬಟ್ಟೆ ಗಂಟು ಕಟ್ಟಿದೆ, ಖಾರದಪುಡಿ ಕಟ್ಟಿದೆ. ಅವರು ಜಗಲಿಯ ಮೇಲೆ ಕೂತೇ ಇದ್ದರು. ನಾನಿಲ್ಲದ ಒಂದೂವರೆ ತಿಂಗಳು ಅವರು ಹಾಗೇ ಕೂತಿರುತ್ತಾರೆ, ಯಾರಾದರೂ ಇನ್ನೂ ಬರ್ಲಿಲ್ವಾ ಅಂದರೆ ಬತ್ತಾಳೆ ಅನ್ನುತ್ತಾರೆ ಅಂತ ನನಗೆ ಕಣ್ಣಿಗೆ ಕಟ್ಟಿತು. ಎಲ್ಲಿತ್ತೋ ಸಿಟ್ಟು, ಬಂದುಬಿಟ್ಟಿತು.

"ಏಳ್ರಿ. ಅಂಗಿ ಹಾಕ್ಕೊಳ್ಳಿ. ಬನ್ನಿ."

"ಈ ಕೈ—"

"ಕಂಕುಳಲ್ಲಿ ಇಟ್ಕೊಂಡು ಬನ್ನಿ. ಏನೂ ಮುಟ್ಬೇಡಿ. ಆದ್ರೆ ಬನ್ನಿ."

ಅವರು ಬಂದರು. ನಾನು ಹೇಳಿದ್ದನ್ನು ಹೇಳಿದ ಹಾಗೇ ಮಾಡಿದರು, ಅದೇ ನನ್ನ ಹೊಟ್ಟೆ ಉರಿಸಿದ್ದು. ಬಸ್ಸಿನಲ್ಲಿ ಕೈ ಕಂಕುಳಲ್ಲಿ. ಟಿಕೆಟ್ಟು ನಾನು ಹಿಡಿದೆ. ತಿರುವಿನಲ್ಲಿ ಎಲ್ಲರೂ ಕಂಬಿ ಹಿಡಿದರೆ ಅವರು ನನ್ನ ಮೇಲೆ ಬಿದ್ದರು. ಮಗಳ ಮನೆ ತಲುಪಿದಾಗ ಹೆರಿಗೆಯಾಗಿ ಒಂದು ಗಂಟೆಯಾಗಿತ್ತು. ಹೆಣ್ಣು ಮಗು. ಸೂಲಗಿತ್ತಿ ತಂದು ತೋರಿಸಿದಳು, ನಮ್ಮವರು ಬಾಗಿಲಾಚೆ ಎರಡು ಮಾರು ದೂರ ನಿಂತು, ಕತ್ತು ಮಾತ್ರ ಉದ್ದ ಮಾಡಿ ನೋಡಿದರು. ಆಮೇಲೆ ಪಡಸಾಲೆಯ ಮೂಲೆಯಲ್ಲಿ ಕೂತವರು ಅಲ್ಲಿಂದ ಏಳಲಿಲ್ಲ. ನೀರನ್ನು ಅಳಿಯ ಕುಡಿಸಬೇಕು, ಅನ್ನವನ್ನು ನಾನು ಕಲಸಿ ಬಾಯಿಗಿಡಬೇಕು. ಮಾವನವರಿಗೆ ಕೈ ನೋವಾ ಅಂತ ಅಳಿಯ ಕೇಳಿದ. ಹೌದು, ಹಳೇ ನೋವು ಅಂದೆ.

ಮಗು ಅಳಲು ಶುರುಮಾಡಿದ್ದು ಎರಡನೇ ದಿನ. ನಿಲ್ಲಿಸಲಿಲ್ಲ. ಹಾಲು ಕುಡಿಯುವಾಗ ಮಾತ್ರ ಬಿಡುವು, ಬಾಯಿ ಖಾಲಿಯಾದ ತಕ್ಷಣ ಮತ್ತೆ. ಬಜೆ ತೇದು ನೆಕ್ಕಿಸಿದೆ, ಹೊಟ್ಟೆಗೆ ಹರಳೆಣ್ಣೆ ಸವರಿದೆ, ದೃಷ್ಟಿ ತೆಗೆದೆ, ಸೂಲಗಿತ್ತಿ ಸಾಂಬ್ರಾಣಿ ಹೊಗೆ ಹಾಕಿದಳು. ನರ್ಸಮ್ಮ ಬಂದು ನೋಡಿ ಎಲ್ಲ ಸರಿಯಾಗಿದೆ, ಕೆಲವು ಮಕ್ಕಳು ಹೀಗೇ ಅಂದುಹೋದಳು. ಐದನೇ ದಿನದ ಮಧ್ಯಾಹ್ನಕ್ಕೆ ಮಾದೇವಿಯ ಕಣ್ಣು ಕೆಂಡವಾಗಿತ್ತು. ನಾನು ಬಾಣಂತಿಯ ನೀರಿಗೆ ಸೌದೆ ತರಲು ಹಿತ್ತಲಿಗೆ ಹೋಗಿದ್ದೆ. ಬರುವಾಗ ನೋಡುತ್ತೇನೆ, ಅವಳು ಗೋಡೆ ಹಿಡಿದುಕೊಂಡು ಪಡಸಾಲೆಗೆ ಬಂದು ಅವರಪ್ಪನ ಮುಂದೆ ನಿಂತಿದ್ದಾಳೆ. ಚಿಕ್ಕವಳಾಗಿದ್ದಾಗ, ಪರೀಕ್ಷೆಗೆ ಇಟ್ಟ ತೊಟ್ಟಿಯ ಅಲಾರಂ ಗಡಿಯಾರ ಎಷ್ಟು ಒತ್ತಿದರೂ ನಿಲ್ಲದೆ ಹೊಡೆದುಕೊಂಡಾಗ ಅದನ್ನು ತಂದು ಅವರಪ್ಪನ ಕೈಗೆ ಹಾಕುತ್ತಿದ್ದಳು, ತಕ್ಷಣ ನಿಲ್ಲುತ್ತಿತ್ತು. ಈಗಲೂ ಅದೇ ಮುಖ.

"ಅಪ್ಪ, ಇದ್ನ ಹಿಡ್ಕೊ. ನಿಲ್ತಾನೇ ಇಲ್ಲ ಇದು."

"ಬ್ಯಾಡ ಮಗ. ದೂರ ತಗೊಂಡ್ಹೋಗು."

"ನಂಗಾಗ್ತಿಲ್ಲಪ್ಪ. ಒಂದು ಗಳಿಗೆ ನಿಲ್ಲಿಸಿಕೊಡು."

ಕಂಕುಳಿಂದ ಅವರ ಕೈಗಳನ್ನು ಅವಳೇ ಎಳೆದು, ಅದರ ಮೇಲೆ ಮಗುವನ್ನು ಇಟ್ಟುಬಿಟ್ಟಳು. ಅಳು ನಿಂತಿತು.

ಮೂರು ದಿನದಿಂದ ಇದ್ದ ಸದ್ದು ಒಮ್ಮೆಗೇ ನಿಂತರೆ ಹೇಗಿರುತ್ತದೆ ಅಂತ ನಾನು ಹೇಳಲಾರೆ. ಸೌದೆ ನನ್ನ ಕೈಯಿಂದ ಜಾರಿತು. ಊರಿಗೆಲ್ಲ ಸುಳ್ಳು ಸುಳ್ಳು ಅಂತ ಸಾರಿಕೊಂಡು ಬಂದವಳು ನಾನು, ಆ ಗಳಿಗೆಯಲ್ಲಿ ಊರಿನವರಿಗಿಂತ ಹೆಚ್ಚಾಗಿ ನಂಬಿದೆ. ಮಗುವಿನ ಕಣ್ಣು ಮುಚ್ಚಿತ್ತು, ಬಾಯಿ ಅರೆ ತೆರೆದಿತ್ತು. ಮಾದೇವಿ ಕಂಬಕ್ಕೆ ಒರಗಿ ಕೂತವಳು ಕೂತಲ್ಲೇ ನಿದ್ದೆ ಹೋಗಿದ್ದಳು. ನಮ್ಮವರು ಉಸಿರು ಬಿಗಿಹಿಡಿದು ನನ್ನ ಮುಖವನ್ನೇ ನೋಡುತ್ತಿದ್ದರು.

"ಸಾಕೀ, ನಿಂತೋಯ್ತು" ಅಂದರು, ಕೇಳಿಸಿತೋ ಇಲ್ಲವೋ ಅನ್ನುವಷ್ಟು ಮೆಲ್ಲಗೆ.

ಆಗ ಅವರ ಅಂಗಿಯ ಮೇಲೆ, ಹೊಟ್ಟೆಯ ಹತ್ತಿರ, ಒಂದು ಕಪ್ಪು ಮಚ್ಚೆ ಕಾಣಿಸಿತು. ಅದು ಅಗಲವಾಯಿತು. ಪಂಚೆಗೆ ಇಳಿಯಿತು, ಅಲ್ಲಿಂದ ನೆಲಕ್ಕೆ ತೊಟ್ಟಿಕ್ಕಿತು. ಅವರು ಕೆಳಗೆ ನೋಡಿದರು. ಬಹಳ ಹೊತ್ತು ನೋಡಿದರು. ಮಗು ಆಕಳಿಸಿತು.

"ಇಲ್ಲ, ನಡೀತೈತೆ" ಅಂದರು.

ಮಗುವಿನ ಒದ್ದೆ ಬಟ್ಟೆ ಬದಲಿಸಬೇಕಿತ್ತು. ಅವರು ಏನಾದರೂ ಹಿಡಿದಿದ್ದರೆ ಹೋಗಿ ಇಸಿದುಕೊಳ್ಳುವುದು ನನಗೆ ಇಪ್ಪತ್ತೆರಡು ವರ್ಷದ ಅಭ್ಯಾಸ. ಹತ್ತಿರ ಹೋಗಿ ಎರಡೂ ಕೈ ಚಾಚಿ, "ಇಲ್ಲಿ ಕೊಡಿ" ಅಂದೆ. ಅವರು ಕೊಡಲಿಲ್ಲ.